ನಳ ಬಂದ ದಿನ ಬರದ ಸಿಗ್ನಲ್

ಬಿಸಿಲಿಗೆ ಕಾದ ಪ್ಲಾಸ್ಟಿಕ್ ಡ್ರಮ್ಮಿಗೆ ಮೊದಲ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಅರ್ಧ ರಬ್ಬರಿನದು, ಅರ್ಧ ಕೆಸರಿನದು. ಕಲಬುರಗಿಯ ನಮ್ಮ ಬ್ರಹ್ಮಪುರದ ಓಣಿಯಲ್ಲಿ ಅದು ಸಂತೋಷದ ವಾಸನೆ. ನಳ ಬರುವುದೇ ನಾಲ್ಕಾರು ದಿನಕ್ಕೊಮ್ಮೆ. ‘ನಳ ಬಂತು’ ಎಂದು ಯಾರಾದರೂ ಒಬ್ಬರು ಕೂಗಿದರೆ ಊಟಕ್ಕೆ ಕೂತವರೂ ತಾಟು ಬಿಟ್ಟು ಏಳುತ್ತಾರೆ. ನನಗೆ ಮಾತ್ರ ಆ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ಕೈ ಮೊದಲು ಮೊಬೈಲಿಗೆ ಹೋಗುತ್ತದೆ.

ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಒಂದು ಕೈಯಲ್ಲಿ ಪೈಪು, ಒಂದು ಕೈಯಲ್ಲಿ ಮೊಬೈಲು. ಮೊಬೈಲಿನ ಪರದೆಯ ಮೇಲೆ ಒಂದು ಸಂಖ್ಯೆ ಇರಬೇಕಾದಲ್ಲಿ ಬರೀ ಒಂದು ಅಡ್ಡಗೆರೆ. ಕೆಳಗೆ, ಸಿಗ್ನಲ್ ಇಲ್ಲ. ನನ್ನ ಮಗಳು ಈಗ ಪಿಯುಸಿ ಓದುತ್ತ ಕುಸನೂರಿನ ಕಡೆ ಹಾಸ್ಟೆಲಿನಲ್ಲಿದ್ದಾಳೆ. ಆ ಗೆರೆ ಅವಳದು. ಅದನ್ನು ನೋಡುತ್ತ ನಿಂತವಳಿಗೆ ಆ ವರ್ಷದ ಶ್ರಾವಣ ಕಣ್ಣ ಮುಂದೆ ಬಂತು.

ಆಗ ಅವಳು ಆರನೇ ತರಗತಿ. ಶಾಲೆಯಲ್ಲಿ ಅವಳ ಹೆಸರು ಸ್ಫೂರ್ತಿ, ಮನೆಯಲ್ಲಿ, ತೀರಿಹೋದ ನನ್ನ ಅತ್ತೆಯವರ ಹೆಸರಿನಿಂದ, ನೀಲಿ. ಆ ಬೇಸಿಗೆಯಲ್ಲಿ ಹುಡುಗಿ ಒಂದೇ ಸಮ ನೀರು ಕುಡಿಯುತ್ತಿದ್ದಳು. ನಮ್ಮದು ಬಿಸಿಲೂರು, ಯಾರು ತಾನೇ ಕುಡಿಯುವುದಿಲ್ಲ ಎಂದುಕೊಂಡೆವು. ಮೈ ಸೊರಗಿ, ಒಂದು ದಿನ ಎದ್ದು ನಿಲ್ಲಲಾರದೆ ಕುಸಿದಾಗ ಆಸ್ಪತ್ರೆಗೆ ಹೊತ್ತೊಯ್ದೆವು. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ, ಬದುಕಿರುವವರೆಗೂ ದಿನವೂ ಇನ್ಸುಲಿನ್ ಸೂಜಿ ಎಂದರು. ನನಗೆ ಗೊತ್ತಿದ್ದ ಸಕ್ಕರೆ ಕಾಯಿಲೆ ಎಂದರೆ ವಯಸ್ಸಾದವರು ಚಹಕ್ಕೆ ಸಕ್ಕರೆ ಬೇಡ ಎನ್ನುವುದು, ಅಷ್ಟೇ. ಆದರೆ ಡಾಕ್ಟರಮ್ಮ ನನ್ನನ್ನು ಕೂಡಿಸಿಕೊಂಡು ಹೆದರಿಸಿದ್ದು ಬೇರೆಯದಕ್ಕೆ.

“ಸಕ್ಕರಿ ಏರಿದ್ರ ಟೈಮ್ ಸಿಗ್ತದವ್ವ. ಇಳಿದ್ರ ಸಿಗಂಗಿಲ್ಲ,” ಎಂದರು ಅವರು. “ಸೂಜಿ ಹಾಕಿದ ಮ್ಯಾಲ ಹೊಟ್ಟಿತುಂಬ ಉಣ್ಣಲಿಲ್ಲಂದ್ರ, ಇಲ್ಲಾ ಭಾಳ ಕುಣಿದಾಡಿದ್ರ, ಧಡಕ್ಕನ ಇಳೀತದ. ಬೆವರ್ತಾಳ, ನಡಗ್ತಾಳ, ಮಂಕಾಗ್ತಾಳ. ಅನುಮಾನ ಬಂದ್ರ ಹೆಸರು ಕೇಳು. ಹೇಳ್ಲಿಲ್ಲಂದ್ರ ಒಂದ್ ನಿಮಿಷ ತಡಾ ಮಾಡಬ್ಯಾಡ, ಬಾಯಾಗ ಸಿಹಿ ಇಡು. ಬಿಟ್ರ ಜೀವಕ್ಕ ಬರ್ತದ.”

ಅವತ್ತಿನಿಂದ ನಾನು ಮನುಷ್ಯಳಾಗಿ ಉಳಿಯಲಿಲ್ಲ, ಬರೀ ಕಾವಲಿನವಳಾದೆ. ಹುಡುಗಿ ಆಕಳಿಸಿದರೆ ‘ನಿನ್ನ ಹೆಸರೇನು?’, ಸುಮ್ಮನೆ ಕಿಟಕಿಯ ಹೊರಗೆ ನೋಡಿದರೆ ‘ನಿನ್ನ ಹೆಸರೇನು?’. ಮೊದಮೊದಲು ಅವಳು ಪಾಪ ಹೇಳುತ್ತಿದ್ದಳು. ಆಮೇಲೆ ರೇಗಿಸಲು ಶುರು ಮಾಡಿದಳು. “ಶಾಲಿ ಹೆಸರೋ, ಮನಿ ಹೆಸರೋ?” ಎಂದು ಸೊಂಟದ ಮೇಲೆ ಕೈಯಿಟ್ಟು ಕೇಳುವಳು. ನನಗೆ ಸಿಟ್ಟೂ ಬರುತ್ತಿತ್ತು, ಜೀವಕ್ಕೆ ತಂಪೂ ಆಗುತ್ತಿತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ಅವಳ ತೋಳಿಗೆ ಒಂದು ಸೆನ್ಸರ್ ಅಂಟಿಸಿದರು. ಅಂಗಿಯ ದೊಡ್ಡ ಗುಂಡಿಯಷ್ಟು ಬಿಲ್ಲೆ. ಅದು ಮೈಯೊಳಗಿನ ಸಕ್ಕರೆಯನ್ನು ಅಳೆದು ತಂತಿಯಿಲ್ಲದೆ ಹತ್ತಿರದ ಮೊಬೈಲಿಗೆ ಹೇಳುತ್ತದೆ. ಇಳಿದರೆ ಮೊಬೈಲು ಕಿರುಚುತ್ತದೆ. ನೀಲಿಗೆಂದೇ ಒಂದು ಸಣ್ಣ ಮೊಬೈಲು ಕೊಡಿಸಿದೆವು. ಅದು ತೋಳಿನ ಮಾತು ಕೇಳಿಸಿಕೊಂಡು ಇಂಟರ್ನೆಟ್ಟಿನ ಮೂಲಕ ನನ್ನ ಮೊಬೈಲಿಗೂ ದಾಟಿಸುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತ ಮೇಜಿನ ಮೇಲಿನ ಪರದೆಯಲ್ಲಿ ಮಗಳ ರಕ್ತವನ್ನು ನೋಡಬಹುದಿತ್ತು. ಎಷ್ಟೋ ವಾರಗಳ ಮೇಲೆ ಅನ್ನ ಗಂಟಲಲ್ಲಿ ಸಲೀಸಾಗಿ ಇಳಿಯಿತು.

ಆ ನೆಮ್ಮದಿ ಬಹಳ ದಿನ ಇರಲಿಲ್ಲ. ನಮ್ಮದು ಉದ್ದನೆಯ ಹಳೆಯ ಮನೆ. ನೀಲಿ ಮಲಗುವುದು ಒಳಗಿನ ಕೋಣೆಯಲ್ಲಿ. ಅವಳ ಮೊಬೈಲು ಹೊರಗಿನ ಪಡಸಾಲೆಯಲ್ಲಿ ನಮ್ಮ ತಲೆದೆಸೆಗೆ, ಕಿರುಚಿದರೆ ನಮಗೆ ಎಚ್ಚರವಾಗಲಿ ಎಂದು. ಕೆಲವು ರಾತ್ರಿ ಎಲ್ಲ ಸರಿ. ಕೆಲವು ರಾತ್ರಿ ಸಂಖ್ಯೆ ಹೋಗಿ ಅಡ್ಡಗೆರೆ ಬರುತ್ತಿತ್ತು. ಅಂಥದ್ದೇ ಒಂದು ರಾತ್ರಿ ಕಳೆದು ಬೆಳಿಗ್ಗೆ ಎಬ್ಬಿಸಲು ಹೋದರೆ ಹುಡುಗಿಯ ಅಂಗಿ, ದಿಂಬು ಎಲ್ಲ ಬೆವರಿನಲ್ಲಿ ತೊಯ್ದಿದ್ದವು. ಕಣ್ಣು ಬಿಟ್ಟಳು, ಮಾತು ಬರಲಿಲ್ಲ. ಸಕ್ಕರೆ ನೀರು ಕುಡಿಸಿದೆ. ಮೊಬೈಲು ಮಾತ್ರ ಸತ್ತ ಹಾಗೆ ಸುಮ್ಮನಿತ್ತು.

ನಾನು ಎಲ್ಲರ ಮೇಲೂ ಹರಿಹಾಯ್ದೆ. ಮಾರಿದವನು ಮೋಸಗಾರ ಎಂದೆ, ಮೊಬೈಲು ಕಳಪೆ ಎಂದೆ, ಗಂಡನಿಗೆ ಖರೀದಿ ಮಾಡುವ ಬುದ್ಧಿಯಿಲ್ಲ ಎಂದೆ. ಪಕ್ಕದ ಮನೆಯ ಕಾಶಿಬಾಯಿ ದೃಷ್ಟಿ ತೆಗೆಯಲು ಹೇಳಿದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಅದನ್ನೂ ಮಾಡಿದೆ. ಗೆರೆ ಮತ್ತೆ ಬಂತು. ಆಮೇಲೆ ನನಗೆ ಹೊಳೆದದ್ದು ಹೇಳಲು ನಾಚಿಕೆಯಾಗುವಂಥದ್ದು: ಗೆರೆ ಬರುವುದು ನಳ ಬಂದ ದಿನ. ನೀರು ಮುಗಿಯುತ್ತ ಬಂದ ದಿನ ಎಲ್ಲ ಸರಿ.

ನಮ್ಮ ಮನೆಯವರು ಬಸವರಾಜ, ಮದುವೆ ಮುಂಜಿವೆಗೆ ಮೈಕ್ ಸೆಟ್ ಹಾಕುವವರು. ಇದನ್ನು ಹೇಳಿದರೆ ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಪಡಸಾಲೆಗೂ ಒಳಗಿನ ಕೋಣೆಗೂ ನಡುವೆ ಸಾಲಾಗಿ ನಿಂತ ಡ್ರಮ್ಮುಗಳನ್ನೇ ನೋಡಿದರು. ಭಾನುವಾರ ಮಧ್ಯಾಹ್ನ ನಳ ಬಂದಾಗ ನೀಲಿಯನ್ನು ಒಳಗೆ ಕೂಡಿಸಿ, ಮೊಬೈಲನ್ನು ಹೊರಗಿಟ್ಟು, ಡ್ರಮ್ಮುಗಳನ್ನು ಒಂದೊಂದಾಗಿ ತುಂಬಿಸುತ್ತ ಹೋದರು. ಕೊನೆಯದು ತುಂಬಿದ ಸ್ವಲ್ಪ ಹೊತ್ತಿಗೆ ಸಂಖ್ಯೆ ಹೋಗಿ ಗೆರೆ ಬಂತು. ಎರಡು ಡ್ರಮ್ಮು ಉರುಳಿಸಿ ಅಂಗಳಕ್ಕೆ ತಂದರು. ಸಂಖ್ಯೆ ಮರಳಿತು.

“ಥೂ ಇದರ!” ಎಂದು ಹಣೆ ಬಡಿದುಕೊಂಡರು. “ನೀರು ಸಿಗ್ನಲ್ ಕುಡಿಯಾಕತ್ತದ ಸುವಿ, ನೀರು! ನನ್ನ ಹಳೀ ಕಾರ್ಡ್‌ಲೆಸ್ ಮೈಕ್ ಇತ್ತಲ್ಲ, ಅದರ ರೇಡಿಯೋ ಅಲಿ ಮೊಳದಷ್ಟು ಉದ್ದ. ಎಷ್ಟು ಮಂದಿ ಕೂಡಿದ್ರೂ ನಡೀತಿತ್ತು. ಹೊಸಾದು ತಂದೆ, ಅದರದು ಅರ್ಧ ಗೇಣು. ಖಾಲಿ ಮಂಟಪದಾಗ ಚೆಕ್ ಮಾಡಿದ್ರ ಗಂಟಿ ಹೊಡ್ದಂಗ. ಮಂದಿ ಎಲ್ಲಾ ಎದ್ದು ನಿಂತು ಅಕ್ಕಿಕಾಳು ಹಾಕೋ ಹೊತ್ತಿಗೆ ಅಯ್ನೋರ ಮಂತ್ರ ಕಟ್! ಮನಷ್ಯಾರ ಮೈಯಾಗ ಇರೋದೇ ನೀರು. ಎಷ್ಟು ಬೀಗರ ಕಡಿಂದ ಬೈಸಿಕೊಂಡೀನಿ. ಈ ಬಿಲ್ಲಿದೂ ಅದೇ ಅರ್ಧ ಗೇಣಿನ ಅಲಿ.”

“ಹಂಗಾರ ಮಳಿ ಬಂದ್ರೂ ಹೋಗ್ತದೇನ್ರೀ?” ಎಂದೆ.

“ಇಲ್ಲಲೇ. ಮಳಿಗೆ ಸಾಯೋದು ಡಿಶ್ ಟಿವಿ. ಅದರ ಅಲಿ ಒಂದು ಬೆರಳಿನ ಅಗಲ ಅಷ್ಟ, ದಪ್ಪ ಮೋಡ ಬಂದ್ರೂ ಮುಗೀತು. ಇದು ಮಳಿ ಹನಿಗೆ ಸಾಯಂಗಿಲ್ಲ, ತುಂಬಿ ನಿಂತ ನೀರಿಗೆ ಸಾಯ್ತದ. ಟವರಿನ ಫೋನು ಜೋರದ, ಅದಕ್ಕ ಏನೂ ಆಗಂಗಿಲ್ಲ.”

ಡ್ರಮ್ಮುಗಳು ಅಂಗಳಕ್ಕೆ ಹೋದವು. ನಾನು ಹಳೆಯ ಇಳಕಲ್ ಸೀರೆಯ ಸೆರಗು ಕತ್ತರಿಸಿ ನೀಲಿಯ ಸೊಂಟಕ್ಕೆ ಒಂದು ಚೀಲ ಹೊಲಿದೆ. ಅದರೊಳಗೆ ಮೊಬೈಲು ಮತ್ತು ಗ್ಲುಕೋಸ್ ಪುಡಿಯ ಪೊಟ್ಟಣ. ಜಳಕಕ್ಕೆ ಬಿಟ್ಟರೆ ತೆಗೆಯಕೂಡದು. ಅಪ್ಪ ಮಗಳು ಸೇರಿ ಅದಕ್ಕೊಂದು ರಿಂಗ್‌ಟೋನ್ ಮಾಡಿದರು: ‘ಹಲೋ… ಹಲೋ… ಮೈಕ್ ಚೆಕ್… ಹಲೋ…’, ಬಸವರಾಜ ಅವರದೇ ದನಿ. ಮನೆಯಲ್ಲಿ ಅದು ಬಡಿದಾಗಲೆಲ್ಲ ನಗು.

ಅಷ್ಟರಲ್ಲಿ ಪಂಚಮಿ ಬಂತು. ಕಮಲಾಪುರದ ತವರಿನಿಂದ ತಮ್ಮ ಶರಣಪ್ಪ ಕರೆಯಲು ಬಂದ. ನನಗೆ ಮನಸ್ಸಿರಲಿಲ್ಲ. ಪಂಚಮಿ ಎಂದರೆ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು. ಊರ ತುಂಬ ಸಿಹಿ ಇರುವಲ್ಲಿಗೆ ಈ ಮಗುವನ್ನು ಹೇಗೆ ಕರೆದೊಯ್ಯಲಿ? ನೀಲಿ ಜೋಕಾಲಿಗಾಗಿ ಅತ್ತಳು. ನಮ್ಮ ಮನೆಯವರಿಗೆ ಊರಲ್ಲಿ ಮೈಕಿನ ಕೆಲಸ ಇತ್ತು. ಕೊನೆಗೆ ನಾವಿಬ್ಬರೇ ಶರಣಪ್ಪನ ಜೊತೆ ಬಸ್ಸು ಹತ್ತಿದೆವು.

ತವರಿಗೆ ಹೋದರೆ ಅಚ್ಚರಿ. ಉಂಡಿಯ ಡಬ್ಬಿಗಳೇ ಕಾಣಲಿಲ್ಲ. ಅವ್ವ ಮೊಮ್ಮಗಳ ಮೇಲಿನ ಜೀವಕ್ಕೆ ಆ ವರ್ಷ ಉಂಡಿಯನ್ನೇ ಕಟ್ಟಿರಲಿಲ್ಲ. ಸಕ್ಕರೆಯನ್ನೆಲ್ಲ ಓಣಿಯವರಿಗೆ ಹಂಚಿ, ಉಳಿದ ಒಂದು ಬೆಲ್ಲದ ಪೆಂಟೆಯನ್ನು ಯಾರ ಕಣ್ಣಿಗೂ ಬೀಳದ ಹಾಗೆ ಎಲ್ಲೋ ಅಡಗಿಸಿದ್ದಳು. “ಕೂಸಿನ ಕಣ್ಣಿಗೆ ಬೀಳಬಾರ್ದು, ಬಾಯಿಗೆ ಬೀಳಬಾರ್ದು. ನಮ್ಮ ಮನ್ಯಾಗ ಇನ್ ಮ್ಯಾಲ ಸಿಹಿ ಇಲ್ಲ ನೋಡು,” ಎಂದಳು ಹೆಮ್ಮೆಯಿಂದ. ನನ್ನ ಕಣ್ಣು ತುಂಬಿದವು.

ಹಬ್ಬದ ಮಧ್ಯಾಹ್ನ. ಹುತ್ತಕ್ಕೆ ಹಾಲೆರೆದು ಬಂದು, ನೀಲಿಗೆ ಸೂಜಿ ಹಾಕಿ, ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದೆ. ಎದುರು ಮನೆಯ ದೊಡ್ಡ ಪಡಸಾಲೆಯ ತೊಲೆಗೆ ಜೋಕಾಲಿ ಕಟ್ಟಿದ್ದರು. ಹುಡುಗಿಯರ ಕೇಕೆ ಕೇಳುತ್ತಿತ್ತು. ‘ಉಂಡು ಹೋಗು’ ಎಂದು ಕೂಡಿಸಿದೆ. ಅಡುಗೆ ಮನೆಯಿಂದ ಮಜ್ಜಿಗೆ ತರುವುದರೊಳಗೆ ತಾಟು ಖಾಲಿ, ಹುಡುಗಿ ಮಾಯ. ಉಂಡಳಲ್ಲ ಎಂದು ಸಮಾಧಾನಪಟ್ಟೆ. ಅವಳು ರೊಟ್ಟಿಯನ್ನು ಹಿತ್ತಲಿನ ಎಮ್ಮೆಗೆ ಹಾಕಿ ಓಡಿದ್ದಳೆಂದು ನನಗೆ ಗೊತ್ತಾದದ್ದು ಆಮೇಲೆ.

ಮೋಡ ದಟ್ಟವಾಗಿ ಕವಿದು ಮಳೆ ಸಣ್ಣಗೆ ಹಿಡಿಯಿತು. ಶರಣಪ್ಪ ನೋಡುತ್ತಿದ್ದ ಟಿವಿ ಚುಕ್ಕಿಚುಕ್ಕಿಯಾಗಿ ನಿಂತುಹೋಯಿತು. ನನ್ನ ಮೊಬೈಲು ನೋಡಿದೆ: ಸಂಖ್ಯೆ ಚೆನ್ನಾಗೇ ಇತ್ತು, ಆದರೆ ಪಕ್ಕದ ಬಾಣ ಕೆಳಮುಖ, ಸಕ್ಕರೆ ಇಳಿಯುತ್ತಿದೆ ಎಂದು. ಕರೆದು ಏನಾದರೂ ತಿನ್ನಿಸೋಣ ಎಂದು ಎದ್ದೆ. ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಸಂಖ್ಯೆ ಹೋಗಿ ಗೆರೆ.

“ಅಕ್ಕಾ, ಸುಮ್ನ ಕೂಡ,” ಎಂದ ಶರಣಪ್ಪ. “ಮಳಿಗೆ ಟಿವಿನೇ ಬಂದ್ ಬಿದ್ದದ. ಅದೂ ಬಿದ್ದಿರ್ತದ. ಮಳಿ ನಿಂತ್ರ ಎರಡೂ ಬರ್ತಾವ.”

ಎದುರು ಮನೆಗೆ ಹೋದೆ. ಜೋಕಾಲಿಯ ಮೇಲೆ ಬೇರೆ ಹುಡುಗಿಯರು. “ನೀಲಿ ಈಗಿನ್ನೂ ಇದ್ಲಲ್ರೀ. ಸೆಕಿ ಆಗ್ತದ ಅಂತ ಹೋದ್ಲು,” ಎಂದಳು ಒಬ್ಬಳು. ಸೆಕೆ! ತಣ್ಣನೆ ಗಾಳಿ ಬೀಸುವ ಮಳೆಯಲ್ಲಿ ಸೆಕೆ. ಬೆವರ್ತಾಳ, ನಡಗ್ತಾಳ, ಮಂಕಾಗ್ತಾಳ. ಅವಳ ಮೊಬೈಲಿಗೆ ಕರೆ ಮಾಡಿದೆ. ಬಡಿಯಿತು. ಬಡಿದೇ ಬಡಿಯಿತು. ಯಾರೂ ಎತ್ತಲಿಲ್ಲ.

ಬಡಿಯಿತು ಎಂದರೆ ಟವರು ಸರಿಯಿದೆ. ಮೊಬೈಲು ಬದುಕಿದೆ. ಅದಕ್ಕೆ ನನ್ನ ಮಗುವಿನ ತೋಳು ಮಾತ್ರ ಕೇಳಿಸುತ್ತಿಲ್ಲ. ಮಳಿ ಹನಿಗೆ ಸಾಯಂಗಿಲ್ಲ, ತುಂಬಿ ನಿಂತ ನೀರಿಗೆ ಸಾಯ್ತದ. ಸೊಂಟದ ಚೀಲ ಅವಳು ಬಿಚ್ಚುವುದು ಒಂದೇ ಕಾರಣಕ್ಕೆ.

“ಶರಣೂ, ಕೂಸು ನೀರಾಗ ಅದ!” ಎಂದು ಚೀರಿದೆ. ಅವನು ಏನೆಂದನೋ ತಿಳಿಯಲಿಲ್ಲ. ನಾನಾಗಲೇ ಹಿತ್ತಲು ದಾಟಿ ತೋಟಕ್ಕೆ ಓಡುತ್ತಿದ್ದೆ. ಮೊದಲು ಕಂಡದ್ದು ಬಾವಿ. ದೊಡ್ಡ ತೆರೆದ ಬಾವಿ, ಮಳೆಗೆ ಮೇಲೆ ಬಂದ ನೀರು. ಬಗ್ಗಿ ನೋಡಿದೆ. ನೀರು ಅಲುಗದೆ ನಿಂತಿತ್ತು, ಹನಿ ಬಿದ್ದಲ್ಲಿ ಮಾತ್ರ ಸಣ್ಣ ಸಣ್ಣ ಉಂಗುರ. ಆ ಹಸಿರು ನೀರನ್ನು ನೋಡುತ್ತ ನಿಂತಾಗ ನನ್ನೊಳಗೆ ಏನಾಯಿತೆಂದು ನಾನು ಯಾರಿಗೂ ಹೇಳಿಲ್ಲ, ಹೇಳಲು ಬರುವುದೂ ಇಲ್ಲ. ಒಮ್ಮೆ ‘ನೀಲೀ’ ಎಂದು ಕೂಗಿದೆ. ಬಾವಿ ಅದನ್ನೇ ವಾಪಸು ಕೂಗಿತು.

ಮತ್ತೆ ಕರೆ ಮಾಡಿದೆ. ಬೆರಳು ಒದ್ದೆಯಾಗಿ ಪರದೆ ಮಾತು ಕೇಳುತ್ತಿರಲಿಲ್ಲ. ಸೆರಗಿಗೆ ಒರೆಸಿ ಒತ್ತಿದೆ. ಆಗ ಕೆಂಪು ಬಾಳೆಯ ಸಾಲುಗಳ ಆ ಕಡೆಯಿಂದ, ಎಲೆಗಳ ಮೇಲೆ ಮಳೆ ಬೀಳುವ ಸದ್ದಿನ ನಡುವೆ, ನನ್ನ ಗಂಡನ ದನಿ ಬಂತು. “ಹಲೋ… ಹಲೋ… ಮೈಕ್ ಚೆಕ್… ಹಲೋ…”

ಬಾಳೆಗೆ ನೀರು ಬಿಡುವ ಹೌಜು ಅಲ್ಲಿತ್ತು. ಎದೆಯೆತ್ತರದ ಸಿಮೆಂಟಿನ ತೊಟ್ಟಿ. ಹೊರಗೆ ಮೆಟ್ಟಿಲ ಮೇಲೆ ಅವಳ ಚಪ್ಪಲಿ ನೀಟಾಗಿ ಜೋಡಿಸಿತ್ತು, ಅದರ ಮೇಲೆ ಇಳಕಲ್ ಚೀಲ, ಚೀಲದೊಳಗಿಂದ ಹಲೋ ಹಲೋ. ಒಳಗೆ ಕುತ್ತಿಗೆಯವರೆಗೆ ನೀರಿನಲ್ಲಿ ನನ್ನ ಮಗಳು, ಗೋಡೆಗೆ ಆತುಕೊಂಡು. ಕಣ್ಣು ತೆರೆದಿದ್ದವು. ನನ್ನನ್ನೇ ನೋಡುತ್ತಿದ್ದಳು, ಗುರುತೇ ಇಲ್ಲದವರನ್ನು ನೋಡುವ ಹಾಗೆ. ನಾನು ನೋಡುತ್ತಿದ್ದಂತೆ ಗದ್ದ ನೀರಿಗೆ ಇಳಿಯಿತು, ಬಾಯಿ ಇಳಿಯಿತು.

ಹೇಗೆ ಎತ್ತಿದೆನೋ ಗೊತ್ತಿಲ್ಲ. ಸೀರೆ ಸಮೇತ ಒಳಗೆ ಬಿದ್ದದ್ದು, ಶರಣಪ್ಪ ಮೇಲಿನಿಂದ ಎಳೆದುಕೊಂಡದ್ದು ನೆನಪಿದೆ. ಅವಳ ತೋಳು ನೀರಿನಿಂದ ಹೊರಬಂದು ಸ್ವಲ್ಪ ಹೊತ್ತಾಗಿತ್ತೋ ಇಲ್ಲವೋ, ಅಲ್ಲಿಯವರೆಗೆ ಸುಮ್ಮನಿದ್ದ ಅಪಾಯದ ಗಂಟೆ ಚೀಲದೊಳಗೆ ಕಿರುಚತೊಡಗಿತು. ಆ ಕೂಗಿಗೆ ಬಾಳೆಯಲ್ಲಿದ್ದ ಹಕ್ಕಿಗಳೆಲ್ಲ ಎದ್ದು ಹಾರಿದವು.

“ನಿನ್ನ ಹೆಸರೇನು? ನೀಲೀ, ನಿನ್ನ ಹೆಸರೇನವ್ವ?” ತುಟಿ ಅಲುಗಲಿಲ್ಲ. ಚೀಲದಲ್ಲಿ ಗ್ಲುಕೋಸ್ ಪೊಟ್ಟಣ ಹುಡುಕಿದೆ. ಬರೀ ಕಾಗದ ಸಿಕ್ಕಿತು. ಸಿಹಿಗೆ ಹಾತೊರೆದ ಕೂಸು ಬಸ್ಸಿನಲ್ಲಿ ಬರುವಾಗಲೇ ಮೆಲ್ಲಗೆ ನೆಕ್ಕಿ ಮುಗಿಸಿತ್ತು. “ಸಕ್ಕರಿ! ಬೆಲ್ಲ! ಏನಾರ ತಗೊಂಬಾರೋ ಶರಣೂ!” ಅವನು ಓಡಿದ. ಓಡಿದವನ ಬೆನ್ನು ನೋಡುವಾಗ ನೆನಪಾಯಿತು, ನಮ್ಮ ಮನೆಯಲ್ಲಿ ಸಿಹಿಯೇ ಇಲ್ಲ. ಊರಿಗೆ ಊರೇ ಉಂಡಿ ತಿನ್ನುತ್ತಿರುವ ದಿನ ನನ್ನ ಮಗು ಒಂದು ಚಿಟಿಕೆ ಸಕ್ಕರೆಯಿಲ್ಲದೆ ನನ್ನ ತೊಡೆಯ ಮೇಲೆ ತಣ್ಣಗಾಗುತ್ತಿತ್ತು. ಮಳೆ ಅವಳ ಮುಖದ ಮೇಲೆ ಬೀಳುತ್ತಿತ್ತು, ರೆಪ್ಪೆ ಮಿಟುಕಿಸಲೂ ಇಲ್ಲ.

ಬಂದದ್ದು ಶರಣಪ್ಪನಲ್ಲ, ಅವ್ವ. ಮಂಡಿನೋವಿನ ಅವ್ವ ಕೆಸರಿನಲ್ಲಿ ಬರಿಗಾಲಲ್ಲಿ ಓಡಿ ಬಂದಳು, ಕೈಯಲ್ಲಿ ಬೆಲ್ಲದ ಪೆಂಟೆ. ಜೋಳದ ಚೀಲದ ತಳಕ್ಕೆ ಹುಗಿದಿಟ್ಟಿದ್ದನ್ನು ಮೊಣಕೈವರೆಗೆ ಕೈಹಾಕಿ ಕಿತ್ತುಕೊಂಡು ಬಂದಿದ್ದಳು. ಅದರ ಮೈತುಂಬ ಜೋಳದ ಕಾಳು ಅಂಟಿದ್ದವು. ಕಾಳು ಕೆರೆದು, ಕಲ್ಲಿಗೆ ಕುಟ್ಟಿ, ಒದ್ದೆ ಬೆರಳಲ್ಲಿ ಕಲಸಿ, ಡಾಕ್ಟರಮ್ಮ ಹೇಳಿಕೊಟ್ಟಂತೆ ಅವಳನ್ನು ಪಕ್ಕಕ್ಕೆ ಹೊರಳಿಸಿ ಕೆನ್ನೆಯ ಒಳಗೆ ಸವರಿದೆ. ಮತ್ತೆ ಸವರಿದೆ. ಅವ್ವ ಮಗುವಿನ ಪಾದ ಉಜ್ಜುತ್ತ, “ಬಚ್ಚಿಟ್ಟೆನಲ್ಲೇ ಸುವಿ, ನಾನೇ ಬಚ್ಚಿಟ್ಟೆನಲ್ಲೇ,” ಎಂದು ಒಂದೇ ಸಮ ಅನ್ನುತ್ತಿದ್ದಳು. ನಾನು ಇನ್ನೊಂದು ಚೂರು ಬೆಲ್ಲ ಕಲಸಿದೆ.

ಕೆನ್ನೆ ಅಲುಗಿತು. ನಾಲಿಗೆ ಬೆಲ್ಲ ಹುಡುಕಿತು. ಕಣ್ಣು ನನ್ನ ಮೇಲೆ ಬಂದು ನಿಂತವು, ಈ ಸಲ ಗುರುತು ಹಿಡಿದು.

“ನಿನ್ನ ಹೆಸರೇನು?” ಎಂದೆ.

ತುಟಿಯ ಮೇಲಿನ ಬೆಲ್ಲ ನೆಕ್ಕಿದಳು. ಆಮೇಲೆ, ನಿದ್ದೆಗಣ್ಣಿನಲ್ಲಿ ಮಾತಾಡುವ ಹಾಗೆ, “ಶಾಲಿ ಹೆಸರೋ… ಮನಿ ಹೆಸರೋ?”

ನಾನು ಅವಳನ್ನು ಅವುಚಿಕೊಂಡು ಗಟ್ಟಿಯಾಗಿ ಅತ್ತೆ. ಅವ್ವನೂ ಅತ್ತಳು. ಶರಣಪ್ಪ ಓಣಿಯಿಂದ ತಂದ ಉಂಡಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಳೆಯಲ್ಲಿ ನಿಂತಿದ್ದ. “ಮೈ ಬೆಂಕಿ ಆಗಿತ್ತವ್ವ, ತಂಪಂತ ಇಳ್ದೆ. ಚೀಲ ತೊಯ್ಬಾರ್ದು ಅಂತ ಬಿಚ್ಚಿಟ್ಟೆ,” ಎಂದಳು ನೀಲಿ ಸಂಜೆ, ಉಂಡಿ ತಿನ್ನುತ್ತ. ನಾನು ಹೇಳಿದ ಮಾತನ್ನೇ ಪಾಲಿಸಿದ್ದಳು. ಸುದ್ದಿ ತಿಳಿದು ಓಡಿ ಬಂದ ನಮ್ಮ ಮನೆಯವರು ಹೌಜಿನ ಹತ್ತಿರ ಹೋಗಿ ಸುಮಾರು ಹೊತ್ತು ಒಬ್ಬರೇ ನಿಂತಿದ್ದು ಬಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು ಬಂತು. ಜಳಕಕ್ಕೆ ಹೋಗುವ ಮೊದಲು ನೀಲಿ ‘ನೀರಿಗೆ ಹೊಂಟೀನಿ’ ಎಂದು ಹೇಳಿಹೋಗಬೇಕು, ಬಂದ ಮೇಲೆ ‘ಬಂದೆ’ ಎನ್ನಬೇಕು. ಹಾಸ್ಟೆಲಿನಿಂದಲೂ ಮೆಸೇಜು ಹಾಕುತ್ತಾಳೆ. ಗೆಳತಿಯರು ನಗುತ್ತಾರಂತೆ, ನಗಲಿ.

ಇವತ್ತು ಮಾತ್ರ ಹಾಕಿರಲಿಲ್ಲ. ಗೆರೆ ಹಾಗೇ ಇತ್ತು. ಡ್ರಮ್ಮು ತುಂಬಿ ನೀರು ನನ್ನ ಪಾದದ ಮೇಲೆ ಹರಿಯುತ್ತಿತ್ತು, ಕಾಶಿಬಾಯಿ “ಸುವರ್ಣಕ್ಕಾ, ನೀರು ಹೊಂಟಾವ!” ಎಂದು ಗೋಡೆಯಾಚೆಯಿಂದ ಕೂಗುತ್ತಿದ್ದಳು. ನಾನು ಕರೆ ಮಾಡಿದೆ. ಬಡಿಯಿತು. ಬಡಿದೇ ಬಡಿಯಿತು. ಆ ಬಾಳೆಯ ಎಲೆಗಳ ಮೇಲಿನ ಮಳೆಯ ಸದ್ದು ನನ್ನ ಕಿವಿಯಲ್ಲಿ ಶುರುವಾಯಿತು. ನಡುವೆ ಪಟ್ಟನೆ ಆ ಕಡೆ ಎತ್ತಿದ ಸದ್ದು, ಏದುಸಿರು, ಬಕೆಟ್ಟಿನ ಸಪ್ಪಳ. ಮಾತಿಲ್ಲ.

“ನಿನ್ನ ಹೆಸರೇನು?” ಎಂದೆ.

ಆಮೇಲೆ ನಗು.

“ಶಾಲಿ ಹೆಸರೋ ಅವ್ವಾ, ಮನಿ ಹೆಸರೋ?”